ಬೆಂಕಿಗೊಂದು ಹದದ ತುತ್ತು

ಮನೆಗೆ ಊಟಕ್ಕೆ ಬಂದವರು ತಟ್ಟೆ ಕೈಗೆ ಬಂದ ಮೇಲೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಯಾವ ಮರದ ಹೊಗೆ ಕೊಟ್ಟಿರಿ, ಮಸಾಲೆಗೆ ಏನೇನು ಹಾಕಿದಿರಿ, ಎಷ್ಟು ಹೊತ್ತು ಬೇಯಿಸಿದಿರಿ. ಮೂರಕ್ಕೂ ಸಂತೋಷದಿಂದಲೇ ಉತ್ತರ ಹೇಳುತ್ತೇನೆ. ಆದರೆ ಹನ್ನೆರಡು ಹದಿನಾಲ್ಕು ಗಂಟೆ ಹೊಗೆಯಲ್ಲಿ ಬೇಯುವ ಹಂದಿಯ ಭುಜದ ಮಾಂಸ ಹದಕ್ಕೆ ಬರುವುದೋ ಕೆಡುವುದೋ ಎಂಬುದು ಈ ಮೂರರಲ್ಲಿ ಯಾವುದರ ಕೈಯಲ್ಲೂ ಇಲ್ಲ. ಹೀಗೆ ಹೊಗೆಯಲ್ಲಿ ಬೇಯಿಸುವ ಯಂತ್ರಕ್ಕೆ ಸ್ಮೋಕರ್ ಎನ್ನುತ್ತಾರೆ; ಅದರ ಮಗ್ಗುಲಿಗೆ ಒಂದು ತಗಡಿನ ಹಾಪರ್ ಇದೆ. ಅದರಲ್ಲಿ ತುಂಬಿಟ್ಟ ಮರದ ಪೆಲೆಟ್ಟುಗಳು ತಳಕ್ಕೆ ಸಮನಾಗಿ ಇಳಿಯುತ್ತಿವೆಯೇ ಇಲ್ಲವೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅದನ್ನು ಯಾರೂ ಕೇಳುವುದಿಲ್ಲ. ಕೇಳಲಿ ಎಂಬ ಆಸೆ ನನಗಿದೆ, ಹೇಳಲಿಕ್ಕೆ ಬೇಕಾದಷ್ಟಿದೆ.

ನಾವಿರುವುದು ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೊದಲ್ಲಿ. ಇಲ್ಲಿಂದ ದಕ್ಷಿಣಕ್ಕೆ ಕಾರಿನಲ್ಲಿ ಗಂಟೆ ಹಾದಿ ಹೋದರೆ ಮೌಂಟ್ ಏಂಜೆಲ್ ಎಂಬ ಪುಟ್ಟ ಊರು. ಮನೆ ಬೆಚ್ಚಗಿಡುವ ಒಲೆಗಳ ವ್ಯವಹಾರದ ಮನೆತನದ ಜೋ ಟ್ರೇಗರ್ 1985ರಲ್ಲಿ ಪೆಲೆಟ್ ಉರಿಸಿ ಅಡುಗೆ ಮಾಡುವ ಗ್ರಿಲ್ಲನ್ನು ಕಟ್ಟಿದ್ದು ಆ ಊರಿನಲ್ಲಿ. ಮುಂದೆ ಅದಕ್ಕೆ ಪೇಟೆಂಟ್ ಸಿಕ್ಕಿತು. ಅಷ್ಟು ಹೊತ್ತಿಗೆ ಪೆಲೆಟ್ ಈ ಸೀಮೆಗೆ ಹೊಸದೇನೂ ಆಗಿರಲಿಲ್ಲ. ಎಪ್ಪತ್ತರ ದಶಕದಲ್ಲಿ ತೈಲದ ಬೆಲೆ ಏರಿ ಚಳಿಗಾಲ ದುಬಾರಿಯಾದಾಗ, ಡಗ್ಲಸ್ ಫರ್ ಕಾಡುಗಳ ಈ ವಾಯವ್ಯ ಮೂಲೆಯಲ್ಲಿ ಸಾಮಿಲ್ಲುಗಳ ಅಂಗಳದಲ್ಲಿ ರಾಶಿ ಬಿದ್ದಿದ್ದ ಮರದ ಹೊಟ್ಟಿಗೆ ಬೆಲೆ ಬಂತು. ಹೊಟ್ಟನ್ನು ಅಚ್ಚಿನ ತೂತುಗಳಲ್ಲಿ ಭಾರೀ ಒತ್ತಡದಿಂದ ತೂರಿಸಿದರೆ ಉಜ್ಜಾಟದ ಶಾಖಕ್ಕೆ ಮರದೊಳಗಿನ ಲಿಗ್ನಿನ್ ಮೆತ್ತಗಾಗುತ್ತದೆ, ತಣಿದಾಗ ಅದೇ ಅಂಟಾಗಿ ಗಟ್ಟಿಯಾಗುತ್ತದೆ. ಬೇರೆ ಅಂಟು ಬೇಕಿಲ್ಲ. ಸುಮಾರು 6 ಮಿಲಿಮೀಟರ್ ದಪ್ಪದ, ಹೊಳಪಿನ ಕಡ್ಡಿತುಂಡುಗಳು ಉದುರುತ್ತವೆ. ಮನೆ ಬಿಸಿ ಮಾಡುವ ಪೆಲೆಟ್ಟಿನಲ್ಲಿ ಫರ್, ಪೈನ್ ನಡೆಯುತ್ತವೆ. ಅಡುಗೆಗೆ ಆ ರಾಳದ ಮರಗಳು ಬಾರವು. ಓಕ್, ಆಲ್ಡರ್, ಹಿಕರಿ, ಸೇಬು, ಚೆರ್ರಿ ಇಂಥವು ಬೇಕು.

ಯಂತ್ರದ ಒಳಗು ಸರಳ. ಹಾಪರಿನ ತಳದಲ್ಲಿ ಆಗರ್ ಎಂಬ ತಿರುಪಿನ ಸರಳು ಮಲಗಿದೆ. ಸಣ್ಣ ಮೋಟರೊಂದು ಅದನ್ನು ನಿಮಿಷಕ್ಕೆ ಎರಡು ಸುತ್ತಿನ ಆಸುಪಾಸಿನಲ್ಲಿ ನಿಧಾನವಾಗಿ ತಿರುಗಿಸುತ್ತದೆ. ತಿರುಪಿನ ಎಡೆಗಳಲ್ಲಿ ಕೂತ ಪೆಲೆಟ್ಟುಗಳು ಕೊಳವೆಯೊಳಗೆ ಸರಿಯುತ್ತಾ ಹೋಗಿ, ಮಾಂಸದ ಕೆಳಗಿರುವ ಫೈರ್‌ಪಾಟ್ ಎಂಬ ಕಬ್ಬಿಣದ ಬಟ್ಟಲಿಗೆ ಒಂದೊಂದಾಗಿ ಉದುರುತ್ತವೆ. ಮೊದಲಿಗೆ ಕೆಂಪಗೆ ಕಾದ ಸರಳೊಂದು ಬೆಂಕಿ ಹೊತ್ತಿಸಿ ಆರಿಹೋಗುತ್ತದೆ. ಆಮೇಲೆ ಫ್ಯಾನ್ ಗಾಳಿ ಊದುತ್ತದೆ, ಬೆಂಕಿ ತನ್ನ ಮೇಲೆ ಬೀಳುವುದನ್ನು ತಾನೇ ಹೊತ್ತಿಸಿಕೊಳ್ಳುತ್ತದೆ. ಹಳೆಯ ಬಗೆಯ ಕಂಟ್ರೋಲರುಗಳಲ್ಲಿ ಹೊಗೆಯ ಮಟ್ಟಕ್ಕೆ ತಿರುಪು 15 ಸೆಕೆಂಡು ತಿರುಗಿ 65 ಸೆಕೆಂಡು ನಿಲ್ಲುವುದು ರೂಢಿಯ ಲೆಕ್ಕ. ಆ ನಿಲುಗಡೆಯನ್ನು ಹತ್ತು ಹತ್ತು ಸೆಕೆಂಡಿನಂತೆ ಏರಿಸಬಹುದು, ಇಳಿಸಬಹುದು. ಈಗಿನವು ಪೆಟ್ಟಿಗೆಯ ಉಷ್ಣಾಂಶ ಎಷ್ಟು ತಪ್ಪಿದೆ, ಎಷ್ಟು ಹೊತ್ತಿನಿಂದ ತಪ್ಪಿದೆ, ಯಾವ ವೇಗದಲ್ಲಿ ತಪ್ಪುತ್ತಿದೆ ಎಂದು ಮೂರು ಬಗೆಯಲ್ಲಿ ಲೆಕ್ಕ ಹಾಕಿ ತಿರುಪನ್ನು ಆಡಿಸುತ್ತವೆ. 107 ಡಿಗ್ರಿ ಸೆಲ್ಸಿಯಸ್, ಅಂದರೆ ಇಲ್ಲಿಯವರ 225 ಫ್ಯಾರನ್‌ಹೀಟ್, ಇಟ್ಟರೆ ಗಂಟೆಗೆ ಅರ್ಧ ಕಿಲೋ ಒಳಗೆ ಪೆಲೆಟ್ ಸಾಕಾಗುತ್ತದೆ. ಚಳಿ ಗಾಳಿ ಬಂದರೆ ಹೆಚ್ಚು. ಆ ಮಟ್ಟದಲ್ಲಿ ಬಟ್ಟಲಿನಲ್ಲಿ ಇರುವುದು ಒಂದು ಹಿಡಿಯಷ್ಟೇ ಬೆಂಕಿ. ಐದಾರು ನಿಮಿಷ ತುತ್ತು ತಪ್ಪಿದರೆ ತಡೆದುಕೊಳ್ಳುವ ಕೆಂಡದ ದಾಸ್ತಾನು ಅದಕ್ಕಿಲ್ಲ.

ಅಮ್ಮ ಮೊದಲ ಸಲ ಇಲ್ಲಿಗೆ ಬಂದ ಬೇಸಿಗೆಯಲ್ಲಿ ಈ ಯಂತ್ರವನ್ನು ಸುತ್ತು ಹಾಕಿ ನೋಡಿದಳು. ಕೊಪ್ಪದ ಕಡೆಯ ನಮ್ಮ ಮನೆಯಲ್ಲಿ ಒಲೆಯ ಮುಂದೆಯೇ ಬದುಕು ಕಳೆದವಳು. ಗೋಡೆಗೆ ಸಿಕ್ಕಿಸಿದ ವೈರನ್ನು ಕಂಡು, ‘ಒಲೆಗೂ ಕರೆಂಟು ಬೇಕಾ ಕಣೆ?’ ಅಂದಳು. ಹೇಗೆ ನಡೆಯುತ್ತದೆ ಎಂದು ವಿವರಿಸಿದೆ. ಹಾಪರಿನ ಮುಚ್ಚಳ ಎತ್ತಿ ಒಂದು ಹಿಡಿ ಪೆಲೆಟ್ ಕೈಗೆ ತೆಗೆದುಕೊಂಡು ಮೂಸಿದಳು, ಬೆರಳಲ್ಲಿ ಒಂದನ್ನು ಮುರಿದಳು.

‘ಇದು ಹೊಟ್ಟಲ್ವೇನೆ? ಸಾಮಿಲ್ಲಿನ ಹೊಟ್ಟು.’

‘ಹೌದಮ್ಮ. ಒತ್ತಿ ಮಾಡಿದ್ದು.’

‘ಹಂಗಾದ್ರೆ ಇದು ನಮ್ಮ ಹೊಟ್ಟಿನ ಒಲೆ. ನಡುವೆ ತೂತು ಬೀಳುತ್ತಾ?’

ನಾನು ಅಮ್ಮನ ಮುಖ ನೋಡಿದೆ. ಈ ಯಂತ್ರದ ಅತಿ ದೊಡ್ಡ ತೊಂದರೆಯನ್ನು ಅವಳು ಮೊದಲ ಪ್ರಶ್ನೆಯಲ್ಲಿಯೇ ಮುಟ್ಟಿದ್ದಳು, ಅದೂ ಅದು ತೊಂದರೆ ಎಂದು ತಿಳಿಯದೆ.

ಹೊಟ್ಟಿನ ಒಲೆಯನ್ನು ಕಂಡವರಿಗೆ ಹೇಳಬೇಕಾಗಿಲ್ಲ, ಕಾಣದವರಿಗೆ ಹೇಳುತ್ತೇನೆ. ಎಣ್ಣೆಯ ದೊಡ್ಡ ಡಬ್ಬ, ತಳದ ಪಕ್ಕದಲ್ಲಿ ಒಂದು ತೂತು. ಡಬ್ಬದ ನಡುವೆ ಒಂದು ಬಾಟಲಿಯನ್ನೋ ನುಣುಪಾದ ದೊಣ್ಣೆಯನ್ನೋ ನೆಟ್ಟಗೆ ನಿಲ್ಲಿಸಿ, ಪಕ್ಕದ ತೂತಿನಿಂದ ಇನ್ನೊಂದು ಕೋಲನ್ನು ಅದರ ಬುಡಕ್ಕೆ ತಾಗಿಸಿ, ಸುತ್ತಲೂ ಒಣ ಹೊಟ್ಟು ತುಂಬಿ ಗುದ್ದಿ ಗುದ್ದಿ ಕೂರಿಸಬೇಕು. ಆಮೇಲೆ ಬಾಟಲಿಯನ್ನು ತಿರುವುತ್ತಾ ಮೆಲ್ಲಗೆ ಮೇಲೆಳೆಯಬೇಕು, ಕೋಲನ್ನು ಪಕ್ಕಕ್ಕೆ ಸೆಳೆಯಬೇಕು. ಒಳಗೆ ಒಂದು ಸುರಂಗ ಉಳಿಯುತ್ತದೆ. ತಳದ ತೂತಿನಲ್ಲಿ ಕೊಳ್ಳಿ ಇಟ್ಟರೆ ಬೆಂಕಿ ಆ ಸುರಂಗದ ಗೋಡೆಯನ್ನು ಹಿಡಿದು ಒಳಗಿನಿಂದ ಹೊರಕ್ಕೆ ತಿನ್ನುತ್ತಾ ಹೋಗುತ್ತದೆ. ಮತ್ತೆ ಸೌದೆ ಒಡ್ಡುವ ಕೆಲಸವಿಲ್ಲ. ಅನ್ನ, ಸಾರು, ಪಲ್ಯ ಎಲ್ಲ ಆದ ಮೇಲೂ ಶಾಖ ಉಳಿದಿರುತ್ತದೆ, ಬಚ್ಚಲಿಗೆ ನೀರು ಕಾಯಲು ಇಡುತ್ತಿದ್ದರು. ಆ ಒಲೆಯ ಪ್ರಾಣ ಇರುವುದು ಸುರಂಗದಲ್ಲಿ. ಹೊಟ್ಟು ಸಡಿಲವಾಗಿದ್ದರೆ ಅದು ಕುಸಿಯುತ್ತದೆ, ಬೆಂಕಿ ಮುಚ್ಚಿಹೋಗುತ್ತದೆ, ಅಡುಗೆಮನೆ ತುಂಬ ಕಣ್ಣುರಿಯುವ ಹೊಗೆ. ಅಮ್ಮನ ಇಡೀ ಜಾಣ್ಮೆ ಸುರಂಗವನ್ನು ನಿಲ್ಲಿಸುವುದರಲ್ಲಿತ್ತು. ನನ್ನದು ಅದನ್ನು ನಿಲ್ಲಲು ಬಿಡದಿರುವುದರಲ್ಲಿ. ಅದೇ ಮರದ ಹೊಟ್ಟು, ಅದೇ ಸುರಂಗ.

ಹಾಪರಿನಲ್ಲಿ ಸುರಂಗ ಹೀಗೆ ಬೀಳುತ್ತದೆ. ತಿರುಪು ತನ್ನ ಮೇಲಿರುವ ಪೆಲೆಟ್ಟುಗಳನ್ನು ಉದ್ದಕ್ಕೂ ಒಂದೇ ಸಮ ಎಳೆಯುತ್ತದೆ ಎಂದು ನೋಡಿದವರಿಗೆ ಅನ್ನಿಸುತ್ತದೆ. ಹಾಗಾಗುವುದಿಲ್ಲ. ಬಾಯಿಯ ಹಿಂಬದಿಯಲ್ಲಿರುವ ಮೊದಲ ಎಡೆಯೇ ತುಂಬಿಕೊಂಡುಬಿಡುತ್ತದೆ; ತುಂಬಿದ ಎಡೆ ಮುಂದೆ ಸರಿಯುವಾಗ ಮೇಲಿರುವ ಬೇರೆ ಪೆಲೆಟ್ಟಿಗೆ ಜಾಗವೆಲ್ಲಿ? ಹಾಗಾಗಿ ಹಿಂಬದಿಯ ಒಂದು ಕಂಬದಷ್ಟು ಪೆಲೆಟ್ ಮಾತ್ರ ಸರಸರ ಇಳಿಯುತ್ತದೆ, ಸುತ್ತಲಿನವು ಅಲುಗದೆ ಕೂತಿರುತ್ತವೆ. ಇಳಿದ ಜಾಗಕ್ಕೆ ಮೇಲಿನಿಂದ ಉರುಳಿ ಬರುತ್ತಿದ್ದರೆ ಸರಿ. ಪೆಲೆಟ್ ಉದ್ದವಾಗಿದ್ದರೆ, ಪುಡಿ ಹೆಚ್ಚಿದ್ದರೆ, ತೇವ ಹಿಡಿದಿದ್ದರೆ, ಹಾಪರಿನ ಗೋಡೆ ಇಳಿಜಾರು ಸಾಲದಿದ್ದರೆ ಅವು ಒಂದಕ್ಕೊಂದು ಆತುಕೊಂಡು ನಿಂತುಬಿಡುತ್ತವೆ. ನಡುವೆ ಬಾವಿಯಂಥ ಗುಂಡಿ, ಇಲ್ಲವೇ ತಿರುಪಿನ ಮೇಲೆ ಕಮಾನು. ಮೇಲಿನಿಂದ ನೋಡಿದರೆ ಹಾಪರ್ ಅರ್ಧಕ್ಕಿಂತ ಹೆಚ್ಚು ತುಂಬಿದೆ. ಕೆಳಗೆ ತಿರುಪು ಬರಿದೇ ತಿರುಗುತ್ತಿದೆ.

ಇದನ್ನು ದೊಡ್ಡ ಪ್ರಮಾಣದಲ್ಲಿ ಅಳೆದು ನೋಡಿದವರಿದ್ದಾರೆ, ಅವರ ಬಗ್ಗೆ ನನಗೆ ಬಹಳ ಗೌರವ. ಜರ್ಮನಿಯ ಎಂಜಿನಿಯರ್ ಯಾನ್ಸನ್ 1895ರಲ್ಲಿಯೇ ತೋರಿಸಿದ: ಧಾನ್ಯದ ಎತ್ತರದ ಕಣಜದಲ್ಲಿ ಒಂದು ಮಟ್ಟ ದಾಟಿದ ಮೇಲೆ ಎಷ್ಟು ತುಂಬಿದರೂ ತಳಕ್ಕೆ ಬೀಳುವ ಒತ್ತಡ ಹೆಚ್ಚುವುದಿಲ್ಲ, ಆ ಭಾರವನ್ನು ಗೋಡೆಗಳು ಉಜ್ಜುವಿಕೆಯಿಂದ ಹೊರುತ್ತವೆ. ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಆಂಡ್ರೂ ಯೆನಿಕೆ, ಯೂಟಾ ವಿಶ್ವವಿದ್ಯಾಲಯದಲ್ಲಿ ಕೂತು, ಕಾಳು, ಪುಡಿ, ಅದಿರು ಇವೆಲ್ಲ ಹಾಪರಿನಿಂದ ಯಾಕೆ ಇಳಿಯುತ್ತವೆ, ಯಾಕೆ ಇಳಿಯುವುದಿಲ್ಲ ಎಂಬುದನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದ. 1964ರಲ್ಲಿ ಹೊರಬಂದ ಅವನ 123ನೆಯ ಬುಲೆಟಿನ್ ಇವತ್ತಿಗೂ ಆ ವಿದ್ಯೆಯ ಬುನಾದಿ. ಅವನು ಹರಿವನ್ನು ಎರಡಾಗಿ ವಿಂಗಡಿಸಿದ. ಒಂದರಲ್ಲಿ ಒಳಗಿರುವುದೆಲ್ಲ ಒಟ್ಟಿಗೆ ಕೆಳಸರಿಯುತ್ತದೆ. ಇನ್ನೊಂದರಲ್ಲಿ ನಡುವಿನ ಕಂಬ ಮಾತ್ರ ಇಳಿದು ಅಂಚಿನದು ನಿಲ್ಲುತ್ತದೆ. ಮೊದಲನೆಯದು ಬೇಕಾದರೆ ಗೋಡೆ ಕಡಿದಾಗಿರಬೇಕು, ನುಣುಪಾಗಿರಬೇಕು. ನಮ್ಮ ಹಿತ್ತಿಲ ಸ್ಮೋಕರುಗಳಲ್ಲಿ ಹಾಪರ್ ಮಾಂಸದ ಪೆಟ್ಟಿಗೆಯ ಎತ್ತರವನ್ನು ಮೀರಬಾರದು, ಎಂಟೊಂಬತ್ತು ಕಿಲೋ ಪೆಲೆಟ್ಟೂ ಹಿಡಿಸಬೇಕು. ಆದ್ದರಿಂದ ಅದು ಅಗಲವಾಗುತ್ತದೆ, ತಳ ಚಪ್ಪಟೆಯಾಗುತ್ತದೆ. ತುಂಬಿಸಿಟ್ಟರೆ ಭಾರಕ್ಕೆ ತಾನೇ ಇಳಿಯುತ್ತದೆ ಎಂದು ಹೇಳುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತುಂಬಿದ ಹಾಪರ್ ಹೆಚ್ಚು ಹೊತ್ತು ಬರುತ್ತದೆ, ಅಷ್ಟೇ. ಸರಾಗವಾಗಿ ಇಳಿಯುತ್ತದೆ ಎಂಬ ಭರವಸೆ ಅದರಿಂದ ಸಿಗದು.

ತಿರುಪು ಬರಿದೇ ತಿರುಗಿದಾಗ ಏನಾಗುತ್ತದೆ ಎಂಬುದೇ ಈ ವಿಷಯದ ತಿರುಳು. ಕಂಟ್ರೋಲರಿಗೆ ಪೆಲೆಟ್ ಕಾಣುವುದಿಲ್ಲ. ಅದಕ್ಕೆ ಕಾಣುವುದು ಪೆಟ್ಟಿಗೆಯೊಳಗಿನ ಉಷ್ಣಾಂಶ ಮಾತ್ರ. ಉಷ್ಣಾಂಶ ಇಳಿಯಿತೇ, ಬೆಂಕಿಗೆ ಹಸಿವಾಗಿದೆ ಎಂದು ತಿಳಿದು ತಿರುಪನ್ನು ಇನ್ನಷ್ಟು ಹೊತ್ತು ಓಡಿಸುತ್ತದೆ. ಮೇಲೆ ಕಮಾನು ನಿಂತಿರುವಾಗ ಎಷ್ಟು ಓಡಿಸಿದರೂ ಬೀಳುವುದಿಲ್ಲ. ಬೆಂಕಿ ಕುಗ್ಗುತ್ತದೆ, ತಿರುಪಿನ ಓಟ ಹೆಚ್ಚುತ್ತದೆ. ಯಾವುದೋ ಗಳಿಗೆಯಲ್ಲಿ ಕಮಾನು ಧೊಪ್ಪನೆ ಕುಸಿಯುತ್ತದೆ. ಆಗ ಪೂರ್ತಿ ವೇಗದಲ್ಲಿರುವ ತಿರುಪು ತುಂಬಿದ ಎಡೆಗಳನ್ನು ಒಂದರ ಹಿಂದೊಂದು ಬಟ್ಟಲಿಗೆ ಸುರಿಯುತ್ತದೆ. ಕೆಂಡ ಇನ್ನೂ ಜೀವ ಹಿಡಿದಿದ್ದರೆ ಮೊದಲು ದಟ್ಟ ಬಿಳಿ ಹೊಗೆ, ಆಮೇಲೆ ಭುಗಿಲ್ ಎಂದು ಉರಿ; 107ಕ್ಕೆ ಇಟ್ಟದ್ದು 140, 150ಕ್ಕೆ ಏರುತ್ತದೆ. ಕೆಂಡ ಆರಿದ್ದರೆ ತಣ್ಣನೆಯ ಬಟ್ಟಲಿನಲ್ಲಿ ಪೆಲೆಟ್ ಗೋಪುರವಾಗಿ ಬೀಳುತ್ತಾ ಹೋಗುತ್ತದೆ. ಫೋನಿನಲ್ಲಿ ಕಾಣುವ ಉಷ್ಣಾಂಶದ ಗೆರೆಯಲ್ಲಿ ಇದನ್ನು ಗುರುತಿಸಬಹುದು: ನಿಧಾನವಾದ ಒಂದು ತಗ್ಗು, ಅದರ ಬೆನ್ನಿಗೇ ಕಡಿದಾದ ಒಂದು ದಿಬ್ಬ. ಹೀಗಾಗಿ ಗೆರೆಯಲ್ಲಿ ತಗ್ಗು ಕಂಡಾಗ ನಾನು ಉಷ್ಣಾಂಶದ ಗುಂಡಿಯನ್ನು ಮುಟ್ಟುವುದಿಲ್ಲ. ಹೋಗಿ ಹಾಪರಿನ ಮುಚ್ಚಳ ಎತ್ತುತ್ತೇನೆ.

ಮುಚ್ಚಳ ಎತ್ತದೆಯೂ ತಿಳಿಯುತ್ತದೆ ಎಂದು ತೋರಿಸಿದವಳು ಅಮ್ಮ. ಬಂದ ಕೆಲವೇ ದಿನಗಳಲ್ಲಿ ಅವಳು ಹಾಪರಿನ ತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳುವುದನ್ನು ರೂಢಿ ಮಾಡಿಕೊಂಡಳು. ತಗಡಿಗೆ ಪೆಲೆಟ್ ಆತುಕೊಂಡಿರುವ ಕಡೆ ಮಂದ ಸದ್ದು, ಬಿಟ್ಟಿರುವ ಕಡೆ ಗಣಗಣ. ‘ಇಲ್ಲಿ ಟೊಳ್ಳಾಗಿದೆ ನೋಡೆ’ ಎನ್ನುವಳು. ಎತ್ತಿ ನೋಡಿದರೆ ಹೌದು. ನಾನು ಈಗ ಹೊರಗೆ ಹೋದಾಗಲೆಲ್ಲ ತಟ್ಟಿಯೇ ಬರುತ್ತೇನೆ. ಅಂಚಿನ ಪೆಲೆಟ್ಟನ್ನು ನಡುವಿಗೆ ಎಳೆಯಲು ಮರದ ಸೌಟೊಂದನ್ನು ಇಟ್ಟುಕೊಂಡಿದ್ದೇನೆ. ಕೈ ಹಾಕುವುದಿಲ್ಲ; ತಿರುಪಿನ ಮೇಲೆ ಜಾಲರಿ ಇದ್ದರೂ ಹಾಕುವುದಿಲ್ಲ. ಮಕ್ಕಳಿರುವ ಮನೆಯವರು ಇದನ್ನು ಮೊದಲ ದಿನವೇ ಕಟ್ಟುನಿಟ್ಟು ಮಾಡಬೇಕು, ತಿರುಪು ನಿಂತಿದೆ ಎಂದುಕೊಂಡಾಗಲೇ ಅದು ತಿರುಗಲು ಶುರು ಮಾಡುತ್ತದೆ.

ಬೀವರ್ಟನ್‌ನಲ್ಲಿರುವ ಸಾಗರದ ಗೆಳೆಯರೊಬ್ಬರು ಈ ತೊಂದರೆಗೆ ಯಂತ್ರದಲ್ಲಿಯೇ ಪರಿಹಾರ ಹುಡುಕುವವರು. ಹಾಪರಿನ ಒಳಗೋಡೆಗೆ ನುಣುಪಾದ ಹಾಳೆ ಅಂಟಿಸಿದರು. ಅದು ಒಳ್ಳೆಯ ಕೆಲಸ, ನಾನೂ ಅನುಸರಿಸಿದೆ. ಆಮೇಲೆ ಹೊರಗಿನಿಂದ ಸಣ್ಣದೊಂದು ನಡುಗುವ ಮೋಟರ್ ಕೂರಿಸಿದರು. ಕೆಲವು ವಾರ ಕಳೆದು ಫೋನ್ ಮಾಡಿದರು.

‘ಅಕ್ಕ, ಮೋಟರ್ ಹಾಕಿದ ಮೇಲೂ ಕಟ್ಟಿಕೊಳ್ತಾ ಇದೆ.’

‘ತಿರುಪು ನಿಂತಿರೋ ಹೊತ್ತಲ್ಲೂ ಅದು ನಡುಗ್ತಾ ಇರುತ್ತಾ?’

‘ಹೂಂ, ಯಾವಾಗ್ಲೂ ಆನ್.’

‘ಹಾಗಾದ್ರೆ ಅದು ಇಳಿಸ್ತಾ ಇಲ್ಲ, ಜಡೀತಾ ಇದೆ.’

ತಳದಲ್ಲಿ ಹೋಗಲು ದಾರಿ ಇಲ್ಲದಾಗ ನಡುಗಿಸಿದರೆ ಕಾಳುಗಳು ಇನ್ನೂ ಒತ್ತಾಗಿ ಕೂರುತ್ತವೆ, ಪುಡಿ ಸಂದುಗಳಿಗೆ ಇಳಿದು ಬಿಗಿಯುತ್ತದೆ. ತಿರುಪು ತಿರುಗುವ ಹೊತ್ತಿಗೆ ಮಾತ್ರ ನಡುಗುವಂತೆ ಅವರು ವೈರಿಂಗ್ ಬದಲಿಸಿಕೊಂಡರು. ಈಗ ಚೆನ್ನಾಗಿದೆ ಎನ್ನುತ್ತಾರೆ. ನನಗೆ ಸೌಟೇ ಸಾಕು.

ಪುಡಿಯ ಮಾತು ಬಂತು. ಪೆಲೆಟ್ ಚೀಲವನ್ನು ಲಾರಿಯಿಂದ ಎಸೆದಾಗ, ಅಂಗಡಿಯಲ್ಲಿ ಒಂದರ ಮೇಲೊಂದು ಒಟ್ಟಿದಾಗ, ಕಾರಿಗೆ ಹೇರಿ ಮನೆಗೆ ತಂದಾಗ ಒಳಗೆ ತುಂಡುಗಳು ಉಜ್ಜಿ ಪುಡಿಯಾಗುತ್ತವೆ. ಮನೆ ಬಿಸಿ ಮಾಡುವ ಪೆಲೆಟ್ಟಿಗೆ ಅಮೆರಿಕದ ಪೆಲೆಟ್ ಫ್ಯುಯೆಲ್ಸ್ ಇನ್‌ಸ್ಟಿಟ್ಯೂಟ್ ಮಾಡಿರುವ ಮಾನದಂಡದ ಮೇಲ್ದರ್ಜೆಯಲ್ಲಿ ಪುಡಿ ಶೇಕಡಾ 0.5 ಮೀರಬಾರದು, ತೇವ ಶೇಕಡಾ 8 ಮೀರಬಾರದು, ಒಂದೂವರೆ ಇಂಚಿಗಿಂತ ಉದ್ದದ ತುಂಡುಗಳು ಶೇಕಡಾ 1ರ ಒಳಗಿರಬೇಕು. ಈ ಮೂರೂ ನೇರವಾಗಿ ಹಾಪರಿನ ಹರಿವಿಗೆ ಸಂಬಂಧಿಸಿದವು ಎಂಬುದನ್ನು ಗಮನಿಸಿ. ಅಡುಗೆಯ ಪೆಲೆಟ್ ಚೀಲದ ಮೇಲೆ ಮರದ ಹೆಸರು ದೊಡ್ಡದಾಗಿರುತ್ತದೆ, ಇವುಗಳನ್ನು ಹುಡುಕಬೇಕಾಗುತ್ತದೆ. ನಾನು ಚೀಲ ಕೊಳ್ಳುವಾಗ ಅದರ ತಳದ ಮೂಲೆಯನ್ನು ಮುಟ್ಟಿ ನೋಡುತ್ತೇನೆ. ಹಿಟ್ಟು ಹಿಟ್ಟಾಗಿ ತಗುಲಿದರೆ ಅದು ಬೇಡ. ಮನೆಗೆ ತಂದದ್ದನ್ನು ಜರಡಿ ಹಿಡಿಯದೆ ಹಾಪರಿಗೆ ಸುರಿಯುವುದಿಲ್ಲ. ಅಮ್ಮ ಇರುವಾಗ ಆ ಕೆಲಸ ಅವಳದು. ಮೊರ ಸಿಗದಿದ್ದರೆ ಏನಾಯಿತು, ಸ್ಟೀಲಿನ ಅಗಲ ತಟ್ಟೆಯಲ್ಲಿಯೇ ಕೇರಿ, ಉದ್ದದವನ್ನು ಆರಿಸಿ ಮುರಿದು, ಪುಡಿಯನ್ನು ಬೇರೆ ಡಬ್ಬಕ್ಕೆ ಹಾಕುವಳು. ಒಂದು ದಿನ ಅಷ್ಟೂ ಪುಡಿಯನ್ನು ಬಣ್ಣ ಕಾಣದ ಹೊಸ ತಗಡಿನ ಡಬ್ಬದಲ್ಲಿ ಗುದ್ದಿ, ಹಿತ್ತಿಲ ಸಿಮೆಂಟಿನ ಮೇಲೆ ಹೊಟ್ಟಿನ ಒಲೆ ಹೂಡಿ ಕಾಫಿಗೆ ನೀರು ಕಾಯಿಸಿದಳು. ಪಕ್ಕದ ಮನೆಯ ಅಮೆರಿಕನ್ ಮುದುಕ ಬೇಲಿಯಾಚೆಯಿಂದ ನೋಡಿ, ಒಳಗೆ ಬಂದು, ಮಂಡಿಯೂರಿ ಕೂತು ಆ ತೂತಿನೊಳಗೆ ಬಹಳ ಹೊತ್ತು ಇಣುಕಿದರು. ಅವರ ಯೌವನ ಸಾಮಿಲ್ಲಿನ ಕೆಲಸದಲ್ಲಿ ಕಳೆದದ್ದು.

ತೇವ ಪುಡಿಗಿಂತ ದೊಡ್ಡ ಶತ್ರು. ಆರೆಗಾನಿನ ಈ ಕಣಿವೆಯಲ್ಲಿ ಅಕ್ಟೋಬರಿನಿಂದ ವಸಂತದವರೆಗೆ ಜಿಟಿಜಿಟಿ ಮಳೆ. ಮಲೆನಾಡಿನ ಹಾಗೆ ಧೋ ಎಂದು ಸುರಿಯುವುದಿಲ್ಲ, ಆದರೆ ಗಾಳಿಯಲ್ಲಿ ತೇವ ನಿಂತೇ ಇರುತ್ತದೆ. ಪೆಲೆಟ್ ನೀರು ಕಂಡರೆ ಮತ್ತೆ ಹೊಟ್ಟಾಗುತ್ತದೆ. ಲಿಗ್ನಿನ್ನಿನ ಕಟ್ಟು ಬಿಟ್ಟು ಮೂರು ಪಟ್ಟು ಉಬ್ಬಿ ಬಿಡುತ್ತದೆ. ಹಾಪರಿನಲ್ಲಿ ಹೀಗಾದರೆ ತೆಗೆದು ಹಾಕಬಹುದು. ತಿರುಪಿನ ಕೊಳವೆಯೊಳಗೆ ಉಬ್ಬಿ, ಒಣಗಿ, ಗಟ್ಟಿಯಾದರೆ ಮೋಟರಿನ ಬಲಕ್ಕೆ ಅದು ಮಣಿಯುವುದಿಲ್ಲ. ಕೆಲವು ಮಾದರಿಗಳಲ್ಲಿ ತಿರುಪನ್ನೂ ಮೋಟರನ್ನೂ ಕೂಡಿಸುವ ಮೆದು ಪಿನ್ನೊಂದು ಇರುತ್ತದೆ. ಮೋಟರ್ ಸುಡುವ ಮೊದಲು ಅದು ಮುರಿದು ಕೊಡುತ್ತದೆ. ಆಮೇಲೆ ತಿರುಪನ್ನೇ ಹೊರಗೆಳೆದು ಕೊಳವೆಯನ್ನು ಕುಟ್ಟಿ ಬಿಡಿಸಬೇಕು, ಒಂದು ದಿನದ ಕೆಲಸ. ಆದ್ದರಿಂದ ಅಡುಗೆ ಮುಗಿದ ಮೇಲೆ ಹಾಪರಿನಲ್ಲಿ ಪೆಲೆಟ್ ಬಿಡುವುದಿಲ್ಲ. ಒಂಬತ್ತು ಕಿಲೋ ಚೀಲ ಪೂರ್ತಿ ಹಿಡಿಯುವ, ರಬ್ಬರ್ ಅಂಚಿನ ಮುಚ್ಚಳವಿರುವ ಐದು ಗ್ಯಾಲನ್ ಬಕೆಟ್ಟುಗಳು ಇಲ್ಲಿ ಎಲ್ಲ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತವೆ. ಓಕ್‌ಗೆ ಒಂದು, ಚೆರ್ರಿಗೆ ಒಂದು, ಎಂದೋ ತರುವ ಹಿಕರಿಗೆ ಒಂದು. ಕೊಳವೆಯಲ್ಲಿ ಉಳಿದದ್ದು ಉರಿದು ಮುಗಿಯುವವರೆಗೆ ತಿರುಪನ್ನು ಓಡಿಸಿ ಆಮೇಲೆ ಆರಿಸುತ್ತೇನೆ. ಬಟ್ಟಲಿನ ಬೂದಿಯನ್ನು ತಣಿದ ಮೇಲೆ ವ್ಯಾಕ್ಯೂಮಿನಿಂದ ಎಳೆಯುತ್ತೇನೆ. ಗಾಳಿಯ ತೂತು ಬೂದಿಯಿಂದ ಮುಚ್ಚಿದ್ದರೆ ಸಮನಾಗಿ ಬಿದ್ದ ಪೆಲೆಟ್ಟೂ ಸಮನಾಗಿ ಉರಿಯುವುದಿಲ್ಲ. ಉಷ್ಣಾಂಶ ಅಳೆಯುವ ಕಡ್ಡಿಗೆ ಮೆತ್ತಿದ ಮಸಿಯನ್ನೂ ಒರೆಸಬೇಕು, ಮಸಿ ಕವಿದ ಕಡ್ಡಿ ಸುದ್ದಿಯನ್ನು ತಡವಾಗಿ ಮುಟ್ಟಿಸುತ್ತದೆ.

ಇಷ್ಟಾದರೂ ಒಂದೊಂದು ಸಲ ಬೆಂಕಿ ಆರುತ್ತದೆ. ಆಗ ಏನು ಮಾಡಬೇಕೆಂಬುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ರುಚಿಯ ಮಾತಲ್ಲ, ಅಪಾಯದ ಮಾತು. ತಣ್ಣಗಾದ ಬಟ್ಟಲಿನಲ್ಲಿ ಪೆಲೆಟ್ ರಾಶಿ ಬಿದ್ದಿರುತ್ತದೆ. ಸುಮ್ಮನೆ ಸ್ವಿಚ್ ಆರಿಸಿ ಮತ್ತೆ ಹಾಕಿದರೆ ಕಾದ ಸರಳು ಆ ರಾಶಿಯನ್ನು ತಳದಿಂದ ಸುಡತೊಡಗುತ್ತದೆ, ಪೆಟ್ಟಿಗೆ ತುಂಬ ಉರಿಯದ ಅನಿಲ ಮತ್ತು ಹೊಗೆ ಕಟ್ಟಿಕೊಳ್ಳುತ್ತದೆ, ಒಮ್ಮೆಲೇ ಹೊತ್ತಿದಾಗ ಮುಚ್ಚಳವನ್ನೇ ಎತ್ತಿ ಎಸೆಯುವಂಥ ಸ್ಫೋಟ ಆಗಬಹುದು. ಬೆಂಕಿ ಕೊಳವೆಯ ಹಿಂದಕ್ಕೆ ಹತ್ತಿ ಹಾಪರಿಗೆ ಮುಟ್ಟುವುದೂ ಉಂಟು. ಆದ್ದರಿಂದ ಮೊದಲು ವೈರ್ ಕೀಳಬೇಕು. ಮಾಂಸವನ್ನು ಒಳಗೆ ತರಬೇಕು. ಯಂತ್ರ ತಣಿಯಲು ಬಿಟ್ಟು, ಜಾಲರಿ, ಜಿಡ್ಡಿನ ತಟ್ಟೆ, ಶಾಖದ ತಗಡು ಎಲ್ಲ ಎತ್ತಿ, ಬಟ್ಟಲಿನ ಪೆಲೆಟ್ಟನ್ನು ಪೂರ್ತಿ ತೆಗೆದು ಆಮೇಲೆ ಹೊಸದಾಗಿ ಹೊತ್ತಿಸಬೇಕು. ಅಷ್ಟು ಹೊತ್ತು ಮಾಂಸ ಮನೆಯ ಒವನ್ನಿನಲ್ಲಿ 107 ಡಿಗ್ರಿಯಲ್ಲಿ ಇರಲಿ. ಹೊಗೆಯ ರುಚಿ ಬಹುಪಾಲು ಮೊದಲ ಗಂಟೆಗಳಲ್ಲೇ ಹಿಡಿದಿರುತ್ತದೆ, ಒವನ್ನಿನಲ್ಲೇ ಮುಗಿಸಿದರೂ ಯಾವ ಅವಮಾನವೂ ಇಲ್ಲ. ಎಷ್ಟು ಹೊತ್ತಿನಿಂದ ಆರಿದೆ ಎಂದು ತಿಳಿಯದಿದ್ದರೆ ಮಾಂಸದ ಒಳಗಿನ ಉಷ್ಣಾಂಶ ನೋಡಬೇಕು. ಇಲ್ಲಿನ ಕೃಷಿ ಇಲಾಖೆ 4ರಿಂದ 60 ಡಿಗ್ರಿಯ ನಡುವಿನದನ್ನು ಅಪಾಯದ ವಲಯ ಎಂದು ಗುರುತಿಸಿದೆ; ಬೇಯಿಸಿದ ಪದಾರ್ಥ ಅಲ್ಲಿ ಎರಡು ಗಂಟೆ ಮೀರಿ ಇರಬಾರದು. ಬೆಳಗ್ಗೆ ಎದ್ದಾಗ ಮಾಂಸ 60ಕ್ಕಿಂತ ಕೆಳಗಿದ್ದು, ಬೆಂಕಿ ರಾತ್ರಿ ಯಾವಾಗಲೋ ಆರಿದ್ದರೆ ನಾನು ಅದನ್ನು ಯಾರಿಗೂ ಬಡಿಸುವುದಿಲ್ಲ.

ಸಮನಾದ ತುತ್ತಿಗೆ ಇಷ್ಟೊಂದು ಯಾಕೆ ಪರದಾಡಬೇಕು, ಸರಾಸರಿ ಉಷ್ಣಾಂಶ ಸರಿಯಿದ್ದರೆ ಸಾಲದೇ ಎಂದು ನಮ್ಮವರು ಕೇಳುತ್ತಾರೆ. ಸಾಲದು. ಹಂದಿಯ ಭುಜ ಕೆಲಸ ಮಾಡಿದ ಸ್ನಾಯು. ಅದರಲ್ಲಿರುವ ಕೊಲಾಜನ್ ಕರಗಿ ಜೆಲಟಿನ್ ಆಗಲು ಶಾಖಕ್ಕಿಂತ ಹೆಚ್ಚಾಗಿ ಹೊತ್ತು ಬೇಕು. ಒಳಗಿನ ಉಷ್ಣಾಂಶ 65ರಿಂದ 75ರ ಆಸುಪಾಸಿಗೆ ಬಂದು ಗಂಟೆಗಟ್ಟಲೆ ನಿಂತುಬಿಡುತ್ತದೆ; ಮೇಲ್ಮೈಯಿಂದ ಆವಿಯಾಗುವ ನೀರು ಬಂದ ಶಾಖವನ್ನೆಲ್ಲ ಒಯ್ಯುತ್ತಿರುತ್ತದೆ. ಆ ಘಟ್ಟದಲ್ಲಿ ಬೆಂಕಿ ಕುಗ್ಗಿದರೆ ಮಾಂಸ ಹಿಂದಕ್ಕೆ ಇಳಿಯುತ್ತದೆ, ಭುಗಿಲೆದ್ದರೆ ಹೊರಪದರ ಒಣಗಿ ತೊಗಲಾಗುತ್ತದೆ. ಅದಕ್ಕಿಂತ ಮುಖ್ಯ ಹೊಗೆಯ ಗುಣ. ಸಣ್ಣದಾಗಿ, ಬಿಸಿಯಾಗಿ, ಗಾಳಿಯಾಡುತ್ತಾ ಉರಿಯುವ ಬೆಂಕಿಯಿಂದ ಬರುವ ಹೊಗೆ ಕಣ್ಣಿಗೆ ಕಂಡೂ ಕಾಣದ ತೆಳು ನೀಲಿ. ಅದರ ಪರಿಮಳ ಮಾಂಸಕ್ಕೆ ಸಿಹಿಯಾಗಿ ಹಿಡಿಯುತ್ತದೆ. ಹಸಿದು ಆಮೇಲೆ ಅತಿಯಾಗಿ ತಿಂದ ಬೆಂಕಿಯ ಬಿಳಿ ಹೊಗೆ ಕಹಿ, ನಾಲಗೆಯ ಹಿಂಬದಿಯಲ್ಲಿ ಉಳಿಯುವ ಕಹಿ. ನಾಲ್ಕು ಸಲ ಹೀಗಾದರೆ ಯಾವ ಮಸಾಲೆಯೂ ಅದನ್ನು ಮುಚ್ಚಲಾರದು. ಉಪ್ಪು, ಊರಿನ ನಮ್ಮ ತೋಟದ ಕಾಳುಮೆಣಸು, ಕೊನೆಗೆ 95 ಡಿಗ್ರಿಯಲ್ಲಿ ಎಳೆಎಳೆಯಾಗಿ ಬಿಡಿಸಿದ ಮಾಂಸಕ್ಕೆ ಒಂದು ಚಮಚ ಕಾಚಂಪುಳಿ ಎಂಬ ಕೊಡಗಿನ ಕಪ್ಪು ಹುಳಿ. ನಾನು ಹಾಕುವುದು ಇಷ್ಟೇ. ಮಸಾಲೆ ಕಡಿಮೆಯಾದಷ್ಟೂ ಹೊಗೆಯ ಗುಣ ಎದ್ದು ಕಾಣುತ್ತದೆ. ಕಡುಬಿನ ಜೊತೆ ಬಡಿಸುತ್ತೇನೆ.

ರಾತ್ರಿಯಿಡೀ ತಾನೇ ನೋಡಿಕೊಳ್ಳುತ್ತದೆ ಎಂಬ ಭರವಸೆಯ ಮೇಲೆ ಈ ಯಂತ್ರ ಮಾರಾಟವಾಗುತ್ತದೆ. ಹವೆ ಒಣಗಿರುವ ಜುಲೈ, ಆಗಸ್ಟ್‌ನಲ್ಲಿ, ಜರಡಿ ಹಿಡಿದ ಪೆಲೆಟ್ಟಿನಲ್ಲಿ ನಾನೂ ರಾತ್ರಿ ಹತ್ತಕ್ಕೆ ಹೂಡಿ ಮಲಗುತ್ತೇನೆ. ಫೋನಿನಲ್ಲಿ ಎರಡು ಕರೆಗಂಟೆ ಇಟ್ಟಿರುತ್ತೇನೆ: ಉಷ್ಣಾಂಶ 95ಕ್ಕಿಂತ ಇಳಿದರೆ ಒಂದು, 125ಕ್ಕಿಂತ ಏರಿದರೆ ಇನ್ನೊಂದು. ಜೊತೆಗೆ ನಡುರಾತ್ರಿ ಒಮ್ಮೆ ಎದ್ದು ಹಾಪರನ್ನು ಕದಡಿ ತುಂಬಿಸಿ ಬರುತ್ತೇನೆ. ಕರೆಗಂಟೆ ಬಾರಿಸುವ ಹೊತ್ತಿಗೆ ಸುರಂಗ ಬಿದ್ದು ಬಹಳ ಹೊತ್ತಾಗಿರುತ್ತದೆ, ಸೌಟಿಗೆ ಅದಕ್ಕಿಂತ ಮೊದಲೇ ತಿಳಿಯುತ್ತದೆ. ಮಳೆಗಾಲದ ಲೆಕ್ಕ ಬೇರೆ. ನವೆಂಬರಿನಿಂದ ಮಾರ್ಚಿನವರೆಗೆ ನಸುಕಿನ ನಾಲ್ಕಕ್ಕೆ ಹೂಡುತ್ತೇನೆ, ಮಾಂಸವನ್ನೂ ದೊಡ್ಡದು ತರುವುದಿಲ್ಲ, ಮೂರು ಕಿಲೋ ಒಳಗಿನದು. ರಾತ್ರಿಯ ಊಟಕ್ಕೆ ಅದು ಸಿದ್ಧ. ಕದಡುವ, ತುಂಬುವ ಹೊತ್ತೆಲ್ಲ ಹಗಲಿಗೆ ಬೀಳುತ್ತದೆ, ಮನೆಯಲ್ಲಿ ಯಾರಾದರೂ ಎಚ್ಚರವಿರುತ್ತಾರೆ, ಹಿತ್ತಿಲಿಗೆ ಹೋಗುವವರು ದಾರಿಯಲ್ಲಿ ತಗಡನ್ನು ಒಮ್ಮೆ ತಟ್ಟಿ ಹೋಗಬಹುದು.